ಮೂರನೆಯ ದಿನದ ಸಾಲು

ಆ ಪೆಟ್ಟಿಗೆ ನನಗೆ ಅರವತ್ತು ಪೌಂಡಿಗೆ ಬಿತ್ತು. ಒಳಗಿದ್ದ ಸಾಮಾನಿಗೆ ಅದು ಏನೇನೂ ಅಲ್ಲ. ಅಷ್ಟು ಅಗ್ಗಕ್ಕೆ ಸಿಕ್ಕಿದ್ದು ನನ್ನ ಚೌಕಾಸಿಯ ಜಾಣತನದಿಂದ ಅಲ್ಲ. ಎದುರಿಗೆ ಕುಳಿತಿದ್ದ ಹೆಂಗಸು ಒಂದು ಪ್ರಶ್ನೆ ಕೇಳಿದರು, ನಾನು ಸುಳ್ಳು ಹೇಳಿದೆ, ಅದಕ್ಕೆ.

ಲಂಡನ್ನಿನಲ್ಲಿ ಮನೆ ಖಾಲಿ ಮಾಡಿಕೊಡುವುದು ನನ್ನ ಕಸುಬು. ಯಾರೋ ತೀರಿಕೊಂಡಿರುತ್ತಾರೆ, ಇಲ್ಲವೇ ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮ್ ಸೇರಲು ಹೊರಟಿರುತ್ತಾರೆ. ಮನೆ ಮಾರಬೇಕು, ಒಳಗೆ ಐವತ್ತು ವರ್ಷದ ಸಾಮಾನು. ನಾನು ವ್ಯಾನು ತೆಗೆದುಕೊಂಡು ಹೋಗುತ್ತೇನೆ. ಮಾರುವಂಥದ್ದನ್ನು ಕೊಳ್ಳುತ್ತೇನೆ, ಉಳಿದದ್ದನ್ನು ಕೌನ್ಸಿಲ್‌ನ ಕಸದ ಡಿಪೋಗೆ ಸಾಗಿಸುತ್ತೇನೆ, ಕೊನೆಗೆ ಕಾರ್ಪೆಟ್ ಗುಡಿಸಿ ಬೀಗದ ಕೈ ಕೊಟ್ಟು ಬರುತ್ತೇನೆ. ವಿಜಯಪುರದಿಂದ ಬಂದ ಹೊಸತರಲ್ಲಿ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಇಂದು ಇಲ್ಫರ್ಡಿನಲ್ಲಿ ಸ್ವಂತ ಮನೆ ಇದೆ, ಕ್ವೀನ್ಸ್‌ಬರಿಯಲ್ಲಿ ಒಂದು ಗೋದಾಮು ಇದೆ. ಯಾರೂ ಕೈಹಿಡಿದು ಕಲಿಸಲಿಲ್ಲ. ಕಲಿತದ್ದರಲ್ಲಿ ಮೊದಲನೆಯದು ಇದು: ಮುಖ ತೋರಿಸಬಾರದು. ಬೆಳ್ಳಿ ಚಮಚ ಕೈಗೆ ಬಂದರೂ ಸ್ಟೀಲ್ ಚಮಚ ಬಂದಂತೆ ಇರಬೇಕು. ‘ಇದು ಏನು?’ ಎಂದು ಮಾರುವವರು ಕೇಳಿದರೆ, ‘ಏನೋ ಹಳೆಯದು’ ಎನ್ನಬೇಕು. ಈ ಉತ್ತರ ನನ್ನ ಬಾಯಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಅದನ್ನು ಹೇಳುವ ಮುಂಚೆ ಯೋಚಿಸುವುದನ್ನೇ ಬಿಟ್ಟಿದ್ದೆ.

ಆ ಮನೆ ಇದ್ದದ್ದು ಎಜ್‌ವೇರಿನಲ್ಲಿ, ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ. ಒಬ್ಬರೇ ಹೆಂಗಸು. ಎಂಬತ್ತರ ಹತ್ತಿರದ ವಯಸ್ಸು, ನೆಟ್ಟನೆಯ ಬೆನ್ನು. ಮಕ್ಕಳಿಗೆ ಪಿಯಾನೊ ಹೇಳಿಕೊಟ್ಟು ಬದುಕಿದವರು, ಮದುವೆಯಾಗಿರಲಿಲ್ಲ. ಮೂರು ವಾರದಲ್ಲಿ ಕೇರ್ ಹೋಮಿಗೆ ಹೋಗುವವರಿದ್ದರು. ನನ್ನ ಹಿಂದೆ ಕೋಣೆಯಿಂದ ಕೋಣೆಗೆ ಬಂದು, ನಾನು ಹೇಳಿದ ಪ್ರತಿ ಬೆಲೆಗೂ ಹುಬ್ಬೇರಿಸಿದರು.

“ನಿಮ್ಮ ಮುಖ ನೋಡಿದರೆ ಏನೂ ಗೊತ್ತಾಗೋದಿಲ್ಲ. ಇಸ್ಪೀಟು ಆಡ್ತೀರಾ?” ಎಂದರು.

“ಇಲ್ಲ ಮೇಡಂ. ಆಡಿದ್ದರೆ ಈ ಕೆಲಸ ಯಾಕೆ ಮಾಡ್ತಿದ್ದೆ?”

ನಕ್ಕರು. ಚಹಾ ಮಾಡಿದರು. ಅಡುಗೆಮನೆಯಲ್ಲಿ ಒಂದು ಮರದ ಕುರ್ಚಿ ಗೋಡೆಗೆ ಮುಖ ಮಾಡಿ ನಿಂತಿತ್ತು. ನಾನು ಅದನ್ನು ತಿರುಗಿಸಿ ಕೂರಲು ಹೋದೆ. “ಅದು ಬೇಡ. ಅದು ಅಪ್ಪನ ಕುರ್ಚಿ, ಹಾಗೇ ಇರಲಿ” ಎಂದು ನನಗೆ ಬೇರೆ ಕುರ್ಚಿ ತೋರಿಸಿದರು.

ಅಪ್ಪನ ಕಥೆ ಆಗ ಹೇಳಿದರು. ಎರಡನೇ ಮಹಾಯುದ್ಧದಲ್ಲಿ ಆತ ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಅಧಿಕಾರಿ. ದೊಡ್ಡ ಸೈನ್ಯದ ಜೊತೆ ಅಲ್ಲ. ನಾಲ್ಕೈದು ಟ್ರಕ್ಕು, ಇಪ್ಪತ್ತು ಜನರ ಒಂದು ವಿಶೇಷ ತುಕಡಿ. ಶತ್ರುವಿನ ಬೆನ್ನ ಹಿಂದೆ ನೂರಾರು ಮೈಲಿ ಮರಳಿನಲ್ಲಿ ಸುತ್ತಿ ಹೋಗುವುದು, ವಿಮಾನ ನಿಲ್ದಾಣಕ್ಕೆ ನುಸುಳಿ ನಿಂತ ವಿಮಾನಗಳ ರೆಕ್ಕೆಯ ಬುಡದಲ್ಲಿ ಸಿಡಿಮದ್ದು ಇಟ್ಟು ಬರುವುದು, ಮತ್ತೆ ಮರಳಿನಲ್ಲಿ ಮಾಯವಾಗುವುದು. ದಾರಿ ಇಲ್ಲದ ಕಡೆ ದಾರಿ ಹಿಡಿಯುವ ಕೆಲಸ ಅವರ ಅಪ್ಪನದು. ಉಳಿದವರೆಲ್ಲ ಆತನ ಲೆಕ್ಕ ನಂಬಿ ಗಾಡಿ ಓಡಿಸುತ್ತಿದ್ದರು.

“ಯುದ್ಧ ಮುಗಿದ ಮೇಲೆ ಅಪ್ಪ ವಿಮಾ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. ಬಹಳ ಸಾಧು ಮನುಷ್ಯ. ಆದರೆ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಆ ಕುರ್ಚಿಯಲ್ಲಿ ಗೋಡೆ ನೋಡುತ್ತಾ ಒಂದು ಗಂಟೆ ಕೂರುತ್ತಿದ್ದರು. ಕಚೇರಿ ದಿನಗಳಲ್ಲಿ ಪಾರ್ಕಿನ ಬೆಂಚು. ನನ್ನ ತಮ್ಮನ ಮದುವೆ ದಿನ ಚರ್ಚಿನ ಹಿಂದಿನ ಗೋಡೆ. ಮಾತಾಡಿಸಬಾರದು, ನೀರೂ ಕೊಡಬಾರದು. ಅಮ್ಮ ಅದಕ್ಕೆ ‘ನಿಮ್ಮಪ್ಪನ ಊಟ’ ಅನ್ನುತ್ತಿದ್ದಳು. ಅಪ್ಪ ಹೋಗಿ ಇಪ್ಪತ್ತು ವರ್ಷ ಆಯಿತು. ಈಗ ಹನ್ನೆರಡಾದರೆ ನಾನೂ ಈ ಮನೆಯಲ್ಲಿ ಸದ್ದು ಮಾಡುವುದಿಲ್ಲ.”

ತುಕಡಿಯಲ್ಲಿ ಒಬ್ಬ ಹಿಂದೂಸ್ತಾನದ ಡ್ರೈವರ್ ಇದ್ದನಂತೆ. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಎಂದು ಅವನನ್ನು ಬೇರೆ ಪಡೆಯಿಂದ ಕೇಳಿ ಪಡೆದಿದ್ದರಂತೆ. ದಾಳಿ ಮುಗಿಸಿ ಮರಳುವಾಗ ಶತ್ರು ವಿಮಾನ ಗುಂಡು ಹಾರಿಸಿತು, ಅವನ ಸೊಂಟಕ್ಕೆ ತಾಗಿತು. “ಅವನು ಸಂಜೆಗೆ ಸತ್ತ, ಹೂಳಿ ಕಲ್ಲು ಪೇರಿಸಿ ಬಂದೆವು ಅಂತ ಅಪ್ಪ ಜೀವನವಿಡೀ ಹೇಳಿದರು. ಆದರೆ ಸಾಯುವ ವಾರ ಆಸ್ಪತ್ರೆಯಲ್ಲಿ, ಹಗಲು ಹನ್ನೆರಡಕ್ಕೆ, ನನ್ನ ಕೈ ಹಿಡಿದು ‘ಅವನು ಅಲ್ಲೇ ಇದ್ದಾನೆ, ಹೋಗಿ ಕರೆದುಕೊಂಡು ಬಾ’ ಅಂದರು. ನರ್ಸುಗಳು ಅದು ಜ್ವರದ ಮಾತು ಅಂದರು. ಎರಡರಲ್ಲಿ ಯಾವುದು ನಿಜ? ಬದುಕಿದ್ದವನನ್ನು ಬಿಟ್ಟು ಬಂದರೋ, ಸತ್ತವನನ್ನೋ? ಇದನ್ನು ತಿಳಿಯದೆ ನಾನು ಆ ಹೊಸ ಜಾಗಕ್ಕೆ ಹೋಗಲಾರೆ.”

ಹೀಗೆ ಹೇಳಿ ಒಂದು ಮರದ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. ಒಳಗೆ ಅಂಗೈ ಅಗಲದ ಹಿತ್ತಾಳೆಯ ತಟ್ಟೆ, ಸುತ್ತ ಅಂಕಿಗಳು, ನಟ್ಟನಡುವೆ ಒಂದು ಸೂಜಿ. ಪಕ್ಕದಲ್ಲಿ ಪೆನ್ಸಿಲ್ ಅಂಕಿಗಳೇ ತುಂಬಿದ ಅಪ್ಪನ ಪುಸ್ತಕ. ಅದರ ಕೊನೆಯಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆ.

“ಇದು ಅಪ್ಪನ ಕೈಬರಹ ಅಲ್ಲ. ಪಂಜಾಬಿ ನೆರೆಯವರಿಗೆ ತೋರಿಸಿದೆ, ನಮ್ಮದಲ್ಲ ಅಂದರು. ಕ್ವೀನ್ಸ್‌ಬರಿಯ ಗುಜರಾತಿ ಅಂಗಡಿಯವರು ಇನ್ನೂ ಕೆಳಗಿನ ಕಡೆಯದು ಅಂದರು. ತಮಿಳು ಡಾಕ್ಟರು ಇನ್ನೂ ಮೇಲಿನ ಕಡೆಯದು ಅಂದರು. ಆಮೇಲೆ ನಾನೇ ಸುಮ್ಮನಾದೆ. ನಿಜ ಹೇಳಬೇಕೆಂದರೆ ಹೆದರಿದ್ದೆ. ನೀವು ಯಾವ ಕಡೆಯವರು?”

ನಾನು ಹಾಳೆ ಬಿಡಿಸಿದೆ. ಕನ್ನಡ. ನಾಲ್ಕನೇ ಇಯತ್ತೆಯವರೆಗೆ ಓದಿದ ಕೈಯ ಗುಂಡಗಿನ ಕನ್ನಡ, ನನ್ನಜ್ಜ ಬರೆಯುತ್ತಿದ್ದಂಥದು. ಮೊದಲ ಎರಡು ಸಾಲು ಓದುವಷ್ಟರಲ್ಲಿ ಇದು ಆ ಡ್ರೈವರನ ಕೈ ಎಂದು ತಿಳಿಯಿತು. ಅದೇ ಗಳಿಗೆಯಲ್ಲಿ ಮುಖ ತಾನಾಗಿಯೇ ಮುಚ್ಚಿಕೊಂಡಿತು. ಇಂಥ ತಟ್ಟೆ, ಇಂಥ ಪುಸ್ತಕ, ಜೊತೆಗೆ ಇಂಥ ಹಾಳೆ ಎಂದರೆ ಯುದ್ಧದ ಸಾಮಾನು ಕೂಡಿಡುವವರು ಎಷ್ಟು ಕೊಟ್ಟಾರು ಎಂದು ತಲೆ ಆಗಲೇ ಲೆಕ್ಕ ಹಾಕುತ್ತಿತ್ತು. ಹಾಳೆಯಲ್ಲಿ ಏನಿದೆ ಎಂದು ಹೇಳಿದರೆ ಅವರು ಮಾರುವುದಿಲ್ಲ.

“ಏನಿದೆ?” ಎಂದರು.

“ಸಾಮಾನಿನ ಪಟ್ಟಿ ಮೇಡಂ. ಹಿಟ್ಟು, ಉಳ್ಳಾಗಡ್ಡಿ, ಎಣ್ಣೆ. ಡ್ರೈವರ್ ಬರೆದುಕೊಂಡಿದ್ದಿರಬೇಕು.”

ಅವರು ಹಾಳೆಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಪುಸ್ತಕದೊಳಗಿಟ್ಟರು. “ಹಾಗಾದರೆ ಏನೂ ಇಲ್ಲ. ಕೊನೆಗೆ ಹೇಳಿದ್ದು ಜ್ವರದ ಮಾತು. ಅಪ್ಪ ಮೊದಲು ಹೇಳಿದ್ದೇ ನಿಜ” ಎಂದರು. ಹಗುರಾದರೋ, ನಿರಾಶರಾದರೋ ತಿಳಿಯಲಿಲ್ಲ. “ನೀವೇ ಇಟ್ಟುಕೊಳ್ಳಿ. ಎಷ್ಟು ಕೊಡ್ತೀರಿ?”

ಅರವತ್ತು ಎಂದೆ. ಅವರು ಚೌಕಾಸಿ ಮಾಡಲಿಲ್ಲ. ಅಷ್ಟು ಹೊತ್ತು ಪ್ರತಿ ಕುರ್ಚಿಗೂ ಚೌಕಾಸಿ ಮಾಡಿದ ಹೆಂಗಸು.

ಆ ಸಂಜೆ ಊಟದ ಮೇಜಿನ ಮೇಲೆ ಹಾಳೆ ಹರಡಿ ಹೆಂಡತಿಗೆ ತೋರಿಸಿದೆ. ಆಕೆ ಆಸ್ಪತ್ರೆಯಲ್ಲಿ ನರ್ಸು, ವಾರ್ಡಿನಿಂದ ಆಗಷ್ಟೇ ಬಂದಿದ್ದಳು. ಬೂಟು ಸಹ ಬಿಚ್ಚಿರಲಿಲ್ಲ. ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದಳು. ಒಟ್ಟು ಒಂಬತ್ತು ಸಾಲು.

“ಶ್ರೀ.
ಸಾಹೇಬರು ಮೂರು ದಿನದಾಗ ಬರತೇನಿ ಅಂದಾರ. ನೀರು ಎರಡು ಡಬ್ಬಿ ಐತಿ, ಬಿಸ್ಕೀಟು ಐತಿ.
ಕಲ್ಲಿನ ಮರ್‍ಯಾಗ ನೆರಳು ಐತಿ. ಕಾಲು ಏಳೂದಿಲ್ಲ. ನೊಣ ಬಾಳ.
ಎರಡನೇ ದಿನ. ಒಂದು ಡಬ್ಬಿ ತೂತು ಆಗಿತ್ತು, ನೀರು ಸೋರೇತಿ.
ಮೂರನೇ ದಿನ. ನಡುಮಧ್ಯಾಹ್ನ ಮೋಟಾರ ಸಪ್ಪಳ ಬಂತು, ದಕ್ಷಿಣಕ್ಕ, ನಮ್ಮವೇ ಎರಡು ಗಾಡಿ, ಬಾಳ ಒದರಿದೆ, ಹ್ವಾದ್ರು.
ಮುಂದಿನ ಗಾಡಿ ಪಂಖಾದ ಪಟ್ಟಾ ಸಡ್ಲ ಆಗೇತಿ. ಸಾಹೇಬರಿಗೆ ಹೇಳಬೇಕು, ಇಲ್ಲಂದ್ರ ದಾರ್‍ಯಾಗ ಹರೀತೈತಿ.
ನಾಕನೇ ದಿನ. ಸಾಹೇಬರು ಹುಡಕ್ಲಿಕ್ಕೆ ಹತ್ತಿರಬೇಕು. ಬರತಾರ.
ನೀರು ಇಲ್ಲ.
ಐದ.”

ಆಕೆ ಹಾಳೆ ಕೆಳಗಿಟ್ಟಳು. ಕನ್ನಡಕ ತೆಗೆದು ನನ್ನ ಕಡೆ ತಿರುಗಿದಳು.

“ಆ ಮುದುಕಿಗೆ ಏನ್ ಹೇಳಿದ್ರಿ?”

“ಸಾಮಾನಿನ ಯಾದಿ ಅಂದೆ.”

“ಏನಂದ್ರಿ?”

“ಹಿಟ್ಟು, ಉಳ್ಳಾಗಡ್ಡಿ ಅಂದೆ. ವ್ಯಾಪಾರ ಅಂದಮ್ಯಾಲೆ ಹಂಗ ಇರತೈತಿ. ನಿನಗ ಗೊತ್ತಾಗೂದಿಲ್ಲ.”

“ನನಗ ಗೊತ್ತಾಗೂದಿಲ್ಲಾ? ದಿನಾ ಸಾಯೋರ ಕೈ ಹಿಡದ ಕೂಡತೀನಿ, ನನಗ ಗೊತ್ತಾಗೂದಿಲ್ಲಾ? ರೀ, ನೀರಿಲ್ಲದ ಸತ್ತಾನ ಅಂವ. ಅದನ್ನ ಉಳ್ಳಾಗಡ್ಡಿ ಅಂದ್ರಲ್ಲ, ಹೆಂಗ ಬಾಯಿ ಬಂತು ನಿಮಗ?”

ಬಾಯಿ ತಾನಾಗಿಯೇ ಬಂದಿತ್ತು, ಅದೇ ಕಷ್ಟ.

ಆದರೂ ಮರುದಿನ ಬೆಳಿಗ್ಗೆ ನಾನು ಫೋನು ಮಾಡಿದ್ದು ಆ ಹೆಂಗಸಿಗಲ್ಲ, ಒಬ್ಬ ಗಿರಾಕಿಗೆ. ಹಳೆಯ ದಿಕ್ಸೂಚಿ, ದುರ್ಬೀನು ಕೂಡಿಡುವ ನಿವೃತ್ತ ನಾವಿಕ. ಅಂಕಿಗಳ ಪುಟಗಳ ಫೋಟೋ ಕಳಿಸಿದೆ. ಅವನು ಎರಡು ದಿನ ಬಿಟ್ಟು ಫೋನು ಮಾಡಿ ದರ ಹೇಳಿದ. ದೊಡ್ಡ ದರವೇ. ಆಮೇಲೆ ಕೇಳದಿದ್ದರೂ ವಿವರಿಸಿದ. ಟ್ರಕ್ಕಿನ ಕಬ್ಬಿಣ ಮಾಮೂಲಿ ದಿಕ್ಸೂಚಿಯ ಮುಳ್ಳನ್ನು ಎಳೆದು ಕೆಡಿಸುತ್ತದೆ. ಅದಕ್ಕೆ ಮರುಭೂಮಿಯಲ್ಲಿ ಈ ಹಿತ್ತಾಳೆ ತಟ್ಟೆ: ನಡುವಿನ ಸೂಜಿಯ ನೆರಳು ಯಾವ ಅಂಕಿಯ ಮೇಲೆ ಬೀಳಬೇಕು ಎಂದು ಗಂಟೆ ನೋಡಿ ಲೆಕ್ಕ ಹಾಕುವುದು, ಆ ನೆರಳು ಜರುಗದಂತೆ ಗಾಡಿ ಓಡಿಸುವುದು.

“ಆದರೆ ಬೇಸಿಗೆಯ ಮಧ್ಯಾಹ್ನ ಸೂರ್ಯ ನೆತ್ತಿಗೇ ಬರ್ತಾನೆ, ಸೂಜಿಗೆ ನೆರಳೇ ಇರೋದಿಲ್ಲ. ಆಗ ಗಾಡಿ ನಿಲ್ಲಿಸಿ ಕಾಯಬೇಕು. ಅವರಿಗೆಲ್ಲ ಅದು ಕಟ್ಟುನಿಟ್ಟು. ಇವನೂ ಪುಸ್ತಕದ ತುಂಬ ದಿನಾ ಕಾದಿದ್ದಾನೆ, ಒಂದು ದಿನ ಬಿಟ್ಟು. ಕೊನೆಯಿಂದ ಎರಡನೇ ಪುಟ ನೋಡು. ಬಂದ ದಾರಿಯಲ್ಲೇ ವಾಪಸ್ ಹೊರಟಿದ್ದಾನೆ. ಹನ್ನೆರಡೂ ಕಾಲಿಗೆ ‘ನೆರಳು ಸಾಲದು, ಮುಂದುವರಿದೆ’ ಅಂತ ಬರೆದಿದ್ದಾನೆ. ಅಲ್ಲಿಂದ ದಕ್ಷಿಣಕ್ಕೆ ವಾಲಿದ್ದಾನೆ. ಆಮೇಲೆ ಮೂರು ದಿನ ಅಲ್ಲೇ ಚೌಕ ಚೌಕ ಸುತ್ತಿದ್ದಾನೆ. ಏನನ್ನೋ ಹುಡುಕ್ತಿದ್ದ ಅನಿಸುತ್ತೆ. ಏನದು, ಗೊತ್ತಾ?”

“ಗೊತ್ತಿಲ್ಲ” ಎಂದೆ. ಮತ್ತೆ ಅದೇ ಬಾಯಿ.

ಕೊಟ್ಟ ಮಾತಿನಂತೆ ಮೂರನೆಯ ದಿನಕ್ಕೆ ತಲುಪಬೇಕೆಂಬ ಅವಸರದಲ್ಲಿ ಆ ಅಧಿಕಾರಿ ಒಂದು ಗಂಟೆ ಕಾಯಲಿಲ್ಲ. ಮಾತು ಉಳಿಸಿಕೊಳ್ಳಲು ಹೋಗಿಯೇ ಮನುಷ್ಯನನ್ನು ಕಳೆದುಕೊಂಡ. ಆಮೇಲೆ ಉಳಿದ ಆಯುಷ್ಯದಲ್ಲಿ ದಿನಕ್ಕೊಂದು ಗಂಟೆ ಕುಳಿತು ಕಾದ. ಹುಡುಕಿ ಸಿಕ್ಕ ದೇಹವನ್ನು ಹೂಳಿ, ಜೇಬಿನಲ್ಲಿದ್ದ ಹಾಳೆಯನ್ನು ತಂದ. ಅದನ್ನು ಯಾರ ಕೈಯಲ್ಲೂ ಓದಿಸಲಿಲ್ಲ.

ಆ ವಾರ ನನಗೆ ಶುರುವಾಯಿತು. ದೆವ್ವ ಭೂತ ನಂಬುವ ಜಾತಿಯವನಲ್ಲ ನಾನು. ಸತ್ತವರ ಹಾಸಿಗೆ ಹೊತ್ತು ಸಾಗಿಸಿದವನು, ಸತ್ತವರ ಕೋಟನ್ನು ಚಳಿಗೆ ಹಾಕಿಕೊಂಡವನು. ಆದರೆ ಹಗಲು ಹನ್ನೆರಡರ ಹೊತ್ತಿಗೆ ರಸ್ತೆಯಲ್ಲಿ ಯಾವುದಾದರೂ ಲಾರಿ ಹಾದು ಹೋದರೆ ಕೈಯಲ್ಲಿದ್ದದ್ದು ಅಲ್ಲೇ ನಿಲ್ಲುತ್ತಿತ್ತು. ಅದರ ಸದ್ದಿನ ಹಿಂದೆ ಇನ್ನೊಂದು ಸದ್ದು ಇದೆಯೇ ಎಂದು ಕಿವಿ ಹುಡುಕುತ್ತಿತ್ತು. ಒಮ್ಮೆ ಇಲ್ಫರ್ಡಿನ ಸಿಗ್ನಲ್ಲಿನಲ್ಲಿ ವ್ಯಾನಿನ ಎಂಜಿನ್ ಆರಿಸಿ, ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿದೆ. ಹಸಿರು ದೀಪ ಬಂದಿದ್ದೂ ಗೊತ್ತಾಗಲಿಲ್ಲ. ಹಿಂದಿನವನು ಹಾರ್ನ್ ಬಡಿದು, “ಸತ್ತು ಹೋದ್ಯಾ ಏನು ಮಾರಾಯ!” ಎಂದು ಅವನ ಭಾಷೆಯಲ್ಲಿ ಬೈದ. ನನ್ನ ಭಾಷೆಯವನೊಬ್ಬ, ನನ್ನ ಅಜ್ಜನ ಅಕ್ಷರದವನು, ಎಂಬತ್ತು ವರ್ಷದಿಂದ ಒದರುತ್ತಲೇ ಇದ್ದ. ಅದನ್ನು ಕೇಳಿಸಿಕೊಂಡ ಮೊದಲನೆಯವನು ನಾನು. ನಾನೂ ಅವನನ್ನು ದಾಟಿ ಹೋಗಿದ್ದೆ.

ಮೂರು ವಾರ ಹೀಗೆ ತಳ್ಳಿದೆ. ಕೊನೆಗೆ ಒಂದು ಶನಿವಾರ ಹೆಂಡತಿ ಪೆಟ್ಟಿಗೆಯನ್ನು ವ್ಯಾನಿನ ಮುಂದಿನ ಸೀಟಿನಲ್ಲಿಟ್ಟು ಬೆಲ್ಟ್ ಕಟ್ಟಿದಳು. “ಕೊಟ್ಟ ಬರ್‍ರಿ. ಇಲ್ಲಂದ್ರ ಮನಿಗೆ ಬರಬ್ಯಾಡ್ರಿ” ಎಂದಳು. ತಮಾಷೆಯಂತೆ ಹೇಳಿದಳು, ಆದರೆ ನಗಲಿಲ್ಲ.

ಆ ಹೆಂಗಸು ಆಗಲೇ ಕೇರ್ ಹೋಮ್ ಸೇರಿಯಾಗಿತ್ತು, ಅದೂ ಎಜ್‌ವೇರಿನಲ್ಲೇ. ಹಾಲಿನಲ್ಲಿ ಟಿವಿ ಮುಂದೆ ಐದಾರು ಜನ ತೂಕಡಿಸುತ್ತಿದ್ದರು. ಅವರೊಬ್ಬರೇ ಕಿಟಕಿಯ ಹತ್ತಿರ ಎಚ್ಚರವಾಗಿ ಕುಳಿತಿದ್ದರು. ನಾನು ಪೆಟ್ಟಿಗೆ ಇಟ್ಟು ನಿಂತೇ ಹೇಳಿಬಿಟ್ಟೆ, ಕೂತರೆ ಮನಸ್ಸು ಬದಲಾದೀತೆಂದು.

“ಮೇಡಂ, ಅದು ಸಾಮಾನಿನ ಪಟ್ಟಿ ಅಲ್ಲ. ನಾನು ಸುಳ್ಳು ಹೇಳಿದೆ. ಪೆಟ್ಟಿಗೆ ಬೇಕಾಗಿತ್ತು.”

ಅವರು ನನ್ನನ್ನು ಬಹಳ ಹೊತ್ತು ನೋಡಿದರು. “ಇವತ್ತು ನಿಮ್ಮ ಮುಖ ಕಾಣಿಸ್ತಿದೆ” ಎಂದರು. “ಕೂತುಕೊಳ್ಳಿ. ಮೊದಲು ನಿಮ್ಮ ಭಾಷೆಯಲ್ಲೇ ಓದಿ. ಅರ್ಥ ಆಮೇಲೆ. ಅವನು ಹೇಗೆ ಮಾತಾಡುತ್ತಿದ್ದ ಅಂತ ಕೇಳಬೇಕು.”

ಹಾಳೆಯನ್ನು ಇಬ್ಬರ ನಡುವೆ ಮೇಜಿನ ಮೇಲೆ ಹರಡಿದೆ. ಓದತೊಡಗಿದೆ. ನೀರಿನ ಡಬ್ಬಿ, ನೊಣ, ತೂತು. ಮೂರನೆಯ ದಿನಕ್ಕೆ ಬಂದಾಗ ಅವರ ಕೈ ನೋಡಿದೆ. ತೊಗಲು ಕಾಗದದಷ್ಟು ತೆಳ್ಳಗೆ, ಒಳಗೆ ನೀಲಿ ನರ. ‘ಬಾಳ ಒದರಿದೆ, ಹ್ವಾದ್ರು’ ಎಂಬುದನ್ನು ಈ ವಯಸ್ಸಿನಲ್ಲಿ ಈಕೆ ಯಾಕೆ ಹೊರಬೇಕು ಅನಿಸಿತು. ಅಪ್ಪ ಬದುಕಿದ್ದವನನ್ನು ಬಿಟ್ಟು ಬಂದ, ಆದರೆ ಹುಡುಕಿದ; ಇಷ್ಟು ಸಾಕು. ಆ ಸಾಲನ್ನು ಹಾರಿಸಿ ಪಂಖಾದ ಪಟ್ಟಾಗೆ ಹೋದೆ. ಇಂಗ್ಲಿಷಿನಲ್ಲಿ ಅರ್ಥ ಹೇಳುವಾಗಲೂ ಹಾರಿಸಿದೆ. ಬದಲಿಗೆ ಅಂಕಿಗಳ ಪುಸ್ತಕ ತೆರೆದು, ಅವರಪ್ಪ ಮೂರು ದಿನ ಚೌಕ ಸುತ್ತಿದ್ದನ್ನು ಬೆರಳಿಟ್ಟು ತೋರಿಸಿದೆ.

“ಬದುಕಿದ್ದ. ಹಾಗಾದರೆ ಬದುಕಿದ್ದ” ಎಂದರು. ಹಾಳೆಯ ಕಡೆ ಬೆರಳು ತೋರಿಸಿ, “ಎಲ್ಲೂ ಬೈದಿಲ್ಲವಾ ಅಪ್ಪನನ್ನು?”

“ಇಲ್ಲ. ಬರ್ತಾರೆ ಅಂತಾನೇ ಬರೆದಿದ್ದಾನೆ. ಗಾಡಿ ಬೆಲ್ಟ್ ಸಡಿಲ ಆಗಿದೆ, ಸಾಹೇಬರಿಗೆ ಹೇಳಬೇಕು ಅಂದಿದ್ದಾನೆ.”

“ಬೈದಿದ್ದರೆ ಚೆನ್ನಾಗಿತ್ತು.” ಕಿಟಕಿಯ ಹೊರಗೆ ನೋಡಿದರು. “ತಟ್ಟೆ ನೀವೇ ಇಟ್ಟುಕೊಳ್ಳಿ. ಹಿತ್ತಾಳೆಯನ್ನು ನೀವು ಕೊಂಡಿರಿ. ಕಾಗದವನ್ನು ಕೊಳ್ಳಲಿಲ್ಲ, ಎತ್ತಿಕೊಂಡು ಹೋದಿರಿ. ಅದು ಇಲ್ಲಿರಲಿ.”

ನ್ಯಾಯವಾದ ಮಾತು. ಪುಸ್ತಕ, ಹಾಳೆ ಎರಡನ್ನೂ ಅಲ್ಲೇ ಬಿಟ್ಟೆ. ಹಗುರಾಗಿ ಹೊರಗೆ ಬಂದೆ. ವ್ಯಾನಿನಲ್ಲಿ ಕುಳಿತು ಹೆಂಡತಿಗೆ ಫೋನು ಮಾಡಿ, “ಮುಗೀತು, ಹೇಳಿಬಿಟ್ಟೆ” ಎಂದೆ. ಒಂದು ಸಾಲು ಬಿಟ್ಟ ವಿಷಯ ಆಕೆಗೂ ಹೇಳಲಿಲ್ಲ.

ಹತ್ತು ದಿನದ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಮೈಸೂರಿನ ಕನ್ನಡ, ಹೆಂಗಸಿನ ದನಿ.

“ನಮಸ್ಕಾರ ಸರ್. ನಾನು ಎಜ್‌ವೇರಲ್ಲಿ ಜಿಪಿ, ಡಾಕ್ಟರು. ವಾರಕ್ಕೊಂದ್ಸಲ ಆ ಕೇರ್ ಹೋಮ್‌ಗೆ ಹೋಗ್ತೀನಿ. ನಿಮ್ಮ ನಂಬರ್ ಅಲ್ಲಿನ ಅಜ್ಜಿ ಕೊಟ್ರು. ನನ್ನ ಹೆಸರು ನೋಡೇ ಯಾವ ಊರು ಅಂತ ಕೇಳಿದ್ರು, ಒಂದು ಹಾಳೆ ಓದಿಸಿದ್ರು. ನಿಮ್ಮ ಕಡೆ ಮಾತು, ಒಂದೆರಡು ಕಡೆ ಅನುಮಾನ ಬಂತು. ‘ಒದರಿದೆ’ ಅಂದ್ರೆ ಕೂಗ್ದೆ ಅಂತ ತಾನೆ?”

“ಹೌದ್ರಿ. ಕೂಗ್ದೆ ಅಂತ.”

“ಅಯ್ಯೋ. ನಾನೂ ಹಂಗೇ ಅಂದ್ಕೊಂಡೆ. ಅದನ್ನೇ ಹೇಳಿದೆ ಅವ್ರಿಗೆ. ಸರ್, ಒಂದ್ ಮಾತು, ನೀವು ಓದುವಾಗ ಆ ಸಾಲು ಬಿಟ್ಟಿದ್ರಂತೆ ಹೌದಾ? ಅದಕ್ಕೇ ನನ್ನ ಕೈಲಿ ಓದಿಸಿದ್ದು ಅಂದ್ರು.”

ಆ ಮಧ್ಯಾಹ್ನವೇ ಹೋದೆ. ಅವರು ಅದೇ ಕಿಟಕಿಯ ಹತ್ತಿರ ಇದ್ದರು. ಕೂರಲು ಹೇಳಲಿಲ್ಲ.

“ಐವತ್ತು ವರ್ಷ ಮಕ್ಕಳ ಪಕ್ಕ ಕೂತು ಅವರು ಪಿಯಾನೊ ನುಡಿಸೋದನ್ನ ನೋಡಿದವಳು ನಾನು. ಕಷ್ಟದ ಸಾಲು ಬಂದಾಗ ಹಾರಿಸೋದು ಕಣ್ಣಲ್ಲೇ ಗೊತ್ತಾಗುತ್ತೆ. ನಿಮ್ಮ ಕಣ್ಣು ಒಂದು ಸಾಲು ಜಿಗಿಯಿತು. ಹಾಳೆಯಲ್ಲಿ ಒಂಬತ್ತು ಸಾಲು, ನೀವು ಓದಿದ್ದು ಎಂಟು.”

“ನಿಮಗೆ ನೋವಾಗುತ್ತೆ ಅಂತ ಬಿಟ್ಟೆ ಮೇಡಂ.”

“ಮೊದಲನೆಯ ಸುಳ್ಳನ್ನ ನಾನು ಬಿಟ್ಟುಬಿಡ್ತೀನಿ, ಅದು ವ್ಯಾಪಾರ. ಎರಡನೆಯದು ಯಾರಿಗೋಸ್ಕರ? ನೀವು ಹಾರಿಸಿದ್ದು ನನಗೆ ಬೇಕಾಗಿದ್ದ ಒಂದೇ ಸಾಲು. ಉಳಿದ ಎಂಟರಲ್ಲಿ ಅಪ್ಪ ಒಬ್ಬ ಮನುಷ್ಯನನ್ನು ಬಿಟ್ಟುಬಂದ ಅಧಿಕಾರಿ, ಅಷ್ಟೇ. ಆ ಒಂದರಲ್ಲಿ ಅವರು ಮಾತು ಕೊಟ್ಟ ದಿನವೇ ಬಂದಿದ್ದರು. ಹನ್ನೆರಡಕ್ಕೆ, ಕೂಗಿದರೆ ಕೇಳಿಸಬೇಕಾದಷ್ಟು ಹತ್ತಿರ ಬಂದಿದ್ದರು. ನನ್ನ ಇಡೀ ಬಾಲ್ಯ ಆ ಕುರ್ಚಿಯ ಬೆನ್ನು ನೋಡುತ್ತಾ ಕಳೆಯಿತು. ಅದು ಯಾಕೆ ಅಂತ ಬರೆದಿದ್ದದ್ದು ಆ ಸಾಲಿನಲ್ಲಿ.”

ಅವರು ಕಿಟಕಿಯಿಂದ ನನ್ನ ಕಡೆ ತಿರುಗಿದರು.

“ಅವನು ಕೂಗಿದ ಅಂತ ಅಪ್ಪನಿಗೆ ಗೊತ್ತಿರಲಿಲ್ಲ. ‘ನೆರಳು ಸಾಲದು’ ಅಂತ ಪುಸ್ತಕದಲ್ಲಿ ಅವರೇ ಬರೆದಿದ್ದಾರೆ, ಅದರಿಂದ ದಾರಿ ತಪ್ಪಿದೆ ಅಂತ ಮಾತ್ರ ಗೊತ್ತಿತ್ತು. ಅಷ್ಟಕ್ಕೇ ಹಾಗೆ ಕೂತರು. ಇದೂ ಗೊತ್ತಾಗಿದ್ದರೆ ಏನಾಗುತ್ತಿದ್ದರೋ. ಓದಿಸದೇ ಇದ್ದದ್ದು ಹೆದರಿಕೆಯಿಂದ ಅನ್ನೋದು ಈಗ ಅರ್ಥ ಆಗುತ್ತೆ. ಇನ್ನು ಇದು ನನ್ನ ಹತ್ತಿರ ಇರಲಿ. ಹೊರೋಕೆ ನನಗೆ ಆಗುತ್ತೋ ಇಲ್ಲವೋ ಅಂತ ನೀವು ತೀರ್ಮಾನ ಮಾಡಬೇಡಿ.”

ಮೇಜಿನ ಮೇಲಿನ ಹಾಳೆಗೆ ಯಾರೋ ಪ್ಲಾಸ್ಟಿಕ್ ಕವರು ಹಾಕಿಕೊಟ್ಟಿದ್ದರು. ಅವರು ಅದನ್ನು ತಮ್ಮ ಕಡೆ ಎಳೆದುಕೊಂಡರು. ನಾನು ಹೊರಟೆ. ಆಮೇಲೆ ಎರಡು ಸಲ ಫೋನು ಮಾಡಿದೆ, ಮಲಗಿದ್ದಾರೆ ಎಂದರು. ಮಲಗಿರಲಿಕ್ಕಿಲ್ಲ. ನಾನು ತಪ್ಪಿಸಲು ಹೋದ ಭಾರವನ್ನು ಆಕೆ ಹೊತ್ತರು. ನನಗೆ ಉಳಿದದ್ದು ನಾನು ಹಾರಿಸಿದ್ದು ಮಾತ್ರ. ಅದು ಈಗಲೂ ಇದೆ, ಗಿರಾಕಿಯ ಮುಂದೆ ಮುಖ ಮುಚ್ಚಿಕೊಳ್ಳುವ ಗಳಿಗೆಯಲ್ಲಿ ಸರಿಯಾಗಿ ಬಂದು ನಿಲ್ಲುತ್ತದೆ. ಕಸುಬು ಬಿಟ್ಟಿಲ್ಲ. ಚಮಚ, ಕುರ್ಚಿಗೆ ಈಗಲೂ ಮುಖ ತೋರಿಸುವುದಿಲ್ಲ. ಆದರೆ ಕೈಬರಹ ಇರುವ ಕಾಗದ ಸಿಕ್ಕರೆ ಕೊಳ್ಳುವುದಿಲ್ಲ, ಮನೆಯವರ ಕೈಗಿಟ್ಟು ಬರುತ್ತೇನೆ.

ನಿಮ್ಮ ಮನೆಯ ಟ್ರಂಕಿನಲ್ಲೂ ನಿಮಗೆ ಓದಲು ಬಾರದ ಕಾಗದ ಒಂದಿರಬಹುದು. ಮೋಡಿ ಲಿಪಿಯೋ, ಉರ್ದುವೋ, ಹಿರಿಯರ ಕೊಕ್ಕೆ ಅಕ್ಷರವೋ. ಇದ್ದರೆ ನನ್ನ ಮಾತು ಕೇಳಿ. ಕೊಳ್ಳಲು ಬಂದವನ ಕೈಯಲ್ಲಿ ಅದನ್ನು ಯಾವತ್ತೂ ಓದಿಸಬೇಡಿ, ನಾನೇ ಬಂದರೂ ಸರಿ. ನಿಮ್ಮನ್ನು ಕಂಡರೆ ಕನಿಕರಪಡುವವರ ಕೈಯಲ್ಲೂ ಓದಿಸಬೇಡಿ. ಅವರಿಗೂ ಬಿಡುವ ಸಾಲುಗಳಿರುತ್ತವೆ. ಮೊದಲು ಬಿಸಿಲಿನ ಬೆಳಕಿನಲ್ಲಿ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ, ಪೆನ್ಸಿಲ್ ಅಕ್ಷರ ವರ್ಷದಿಂದ ವರ್ಷಕ್ಕೆ ಮಾಸುತ್ತದೆ. ಒಬ್ಬರಿಗೊಬ್ಬರು ಪರಿಚಯವಿಲ್ಲದ ಇಬ್ಬರನ್ನು ಹುಡುಕಿ, ಬೇರೆ ಬೇರೆ ದಿನ ಓದಿಸಿ. ದುಡ್ಡು ಕೇಳಿದರೆ ಕೊಡಿ, ಅದರಲ್ಲಿ ಜಿಪುಣತನ ಬೇಡ. ಗಟ್ಟಿಯಾಗಿ ಓದಲು ಹೇಳಿ, ನೀವು ಪಕ್ಕದಲ್ಲಿ ಕುಳಿತು ಹಾಳೆಯ ಮೇಲೆ ಬೆರಳಿಟ್ಟು ಸಾಲು ಎಣಿಸಿ. ಒಂದು ಕಡಿಮೆಯಾದರೆ ಅಲ್ಲೇ ನಿಲ್ಲಿಸಿ ಕೇಳಿ. ಬೆಲೆಯ ಮಾತು ಅದಾದ ಮೇಲೆ.